ಸಿಗರೇಟು ಪ್ಯಾಕಿನ ಎಚ್ಚರಿಕೆ ಎಳೆಯರಿಗೆ ತಟ್ಟಬೇಕಾದರೆ

ಸಿಗರೇಟು ಸೇದಿದರೆ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದರೆ ಹದಿನಾರರ ಹುಡುಗ ನಂಬುವುದಿಲ್ಲ ಎಂದೇನಲ್ಲ. ನಂಬುತ್ತಾನೆ. ಆದರೆ ಆ ಕಾಯಿಲೆ ಬರುವ ವಯಸ್ಸು ಅವನ ಲೆಕ್ಕದಲ್ಲೇ ಇಲ್ಲ. ಅಷ್ಟರೊಳಗೆ ಬಿಟ್ಟರಾಯಿತು ಎಂಬ ಧೈರ್ಯ ಬೇರೆ. ಪ್ಯಾಕಿನ ಮೇಲಿನ ಎಚ್ಚರಿಕೆ ಎಳೆಯರ ಮಟ್ಟಿಗೆ ಸೋಲುವುದು ಹೆಚ್ಚಾಗಿ ಇಲ್ಲೇ. ಬರೆದವರು ಐವತ್ತು ದಾಟಿದವರ ಕಾಯಿಲೆ ಬರೆದಿರುತ್ತಾರೆ, ಓದಬೇಕಾದವನ ಕಣ್ಣು ಬರುವ ವಾರದಾಚೆ ಹೋಗುವುದಿಲ್ಲ.

ಹಾಗಾಗಿ ಮೊದಲು ತೀರ್ಮಾನವಾಗಬೇಕಾದದ್ದು ಏನು ಹೇಳಬೇಕು ಎಂಬುದು. ಬಾಯಿಯ ವಾಸನೆ, ಹಲ್ಲಿನ ಕಲೆ, ಓಡುವಾಗ ಉಬ್ಬಸ, ಲೈಂಗಿಕ ದೌರ್ಬಲ್ಯ: ಇವು ಹತ್ತಿರದ ಹಾನಿಗಳು, ತಕ್ಷಣ ಅರ್ಥವಾಗುತ್ತವೆ. ಇದಕ್ಕಿಂತ ಬಲವಾದದ್ದು ಚಟದ ಮಾತು. ಸ್ವಂತ ಇಷ್ಟದಂತೆ ಬದುಕುತ್ತೇನೆ ಎಂಬ ಹಟದ ವಯಸ್ಸಿನಲ್ಲಿ, ನಿಕೋಟಿನ್ ನಿನ್ನ ಕೈಯಿಂದ ಆ ಇಷ್ಟವನ್ನೇ ಕಿತ್ತುಕೊಳ್ಳುತ್ತದೆ ಎಂಬ ಮಾತು ನಾಟುತ್ತದೆ. ಕ್ಯಾನ್ಸರ್ ಚಿತ್ರವನ್ನು ಕೈಬಿಡಬೇಕೆಂದಲ್ಲ; ದಿನವೂ ಸೇದುವ ದೊಡ್ಡವರಿಗೆ ಅದು ಬೇಕು. ಒಂದೇ ಸರಣಿಯಲ್ಲಿ ಎರಡೂ ಇರಲಿ. ವಾಕ್ಯ ಮಾತ್ರ ಚಿಕ್ಕದಿರಬೇಕು, ಖಚಿತವಾಗಿರಬೇಕು. 1966ರಲ್ಲಿ ಅಮೆರಿಕದ ಪ್ಯಾಕುಗಳ ಮೇಲೆ ಬಂದ ಮೊದಲ ಎಚ್ಚರಿಕೆ ಸಿಗರೇಟು ಆರೋಗ್ಯಕ್ಕೆ ಅಪಾಯಕಾರಿ 'ಆಗಬಹುದು' ಎಂದಷ್ಟೇ ಹೇಳಿತ್ತು. ಆ 'ಬಹುದು'ವಿನಲ್ಲಿ ನುಸುಳಿಕೊಳ್ಳಲು ಬೇಕಾದಷ್ಟು ಜಾಗವಿದೆ.

ಹೆದರಿಸಿ ಸುಮ್ಮನಾಗುವುದು ಇನ್ನೊಂದು ತಪ್ಪು. ಭಯ ಹುಟ್ಟಿತು, ದಾರಿ ಕಾಣಲಿಲ್ಲ ಎಂದಾಗ ಓದುಗ ಎಚ್ಚರಿಕೆಯನ್ನೇ ತಳ್ಳಿಹಾಕುತ್ತಾನೆ. ಚಿತ್ರದ ಪಕ್ಕದಲ್ಲೇ ಸಹಾಯವಾಣಿಯ ಸಂಖ್ಯೆ ದಪ್ಪಕ್ಷರದಲ್ಲಿ ಇರಬೇಕು. ಹೊಸ ಪ್ಯಾಕು ಅಂಗಡಿಗೆ ಬರುವ ಮೊದಲೇ ಆ ಸಂಖ್ಯೆಯಲ್ಲಿ ಮಾತಾಡುವವರನ್ನು ಹೆಚ್ಚಿಸಿರಬೇಕು, ಏಕೆಂದರೆ ಕರೆಗಳು ಏರುವುದು ಮೊದಲ ಕೆಲವು ವಾರಗಳಲ್ಲೇ. ಆಸ್ಟ್ರೇಲಿಯಾದಲ್ಲಿ 2012ರಲ್ಲಿ ಪ್ಯಾಕು ಬದಲಾದಾಗ ಆದದ್ದು ಇದೇ. ಅಂಥ ಹೊತ್ತಿನಲ್ಲಿ ಕರೆ ಮಾಡಿದವನಿಗೆ 'ಕಾಯಿರಿ' ಎಂಬ ಧ್ವನಿಮುದ್ರಣ ಕೇಳಿಸಿದರೆ ಅವನು ಎರಡನೇ ಸಲ ಕರೆ ಮಾಡುವುದು ಅನುಮಾನ.

ಇನ್ನು ಜಾಗ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ ಜಾರಿಗೆ ಬಂದದ್ದು 2005ರಲ್ಲಿ. ಅದರ 11ನೇ ವಿಧಿಯ ಪ್ರಕಾರ ಎಚ್ಚರಿಕೆ ಪ್ಯಾಕಿನ ಮುಖ್ಯ ಬದಿಗಳ ಶೇ. 50 ಅಥವಾ ಹೆಚ್ಚು ಜಾಗ ತುಂಬಬೇಕು, ಶೇ. 30ಕ್ಕಿಂತ ಕಡಿಮೆ ಆಗಲೇಬಾರದು. ಶೇಕಡಾವಾರಿನಷ್ಟೇ ಮುಖ್ಯವಾದದ್ದು ಚಿತ್ರ ಎಲ್ಲಿ ಕೂರುತ್ತದೆ ಎಂಬುದು. ಇದನ್ನು ಮರೆಯುವವರೇ ಹೆಚ್ಚು. ಕೆಳಭಾಗದಲ್ಲಿ ಹಾಕಿದ ಚಿತ್ರವನ್ನು ಅಂಗಡಿಯ ಕಪಾಟಿನ ಪಟ್ಟಿ ಮುಚ್ಚುತ್ತದೆ, ಕೈಗೆ ತೆಗೆದುಕೊಂಡರೆ ಬೆರಳು ಮುಚ್ಚುತ್ತವೆ. ಮೇಲ್ತುದಿಯೇ ಸರಿಯಾದ ಜಾಗ. ಆದರೆ ಅಲ್ಲಿ ಮಡಚುವ ಮುಚ್ಚಳವಿದೆ. ಅದು ತೆರೆಯುವ ಗೆರೆ ವಾಕ್ಯದ ನಡುವೆ ಅಥವಾ ಮುಖದ ಕಣ್ಣಿನ ಮೇಲೆ ಹಾಯದಂತೆ ವಿನ್ಯಾಸ ಮಾಡಬೇಕು. ತೆರಿಗೆ ಚೀಟಿ ಅಂಟಿಸುವ ಜಾಗವನ್ನೂ ನಿಯಮದಲ್ಲೇ ಗೊತ್ತುಮಾಡಬೇಕು, ಇಲ್ಲದಿದ್ದರೆ ಅದು ಸರಿಯಾಗಿ ಚಿತ್ರದ ಮೇಲೆಯೇ ಬಂದು ಕೂರುತ್ತದೆ!

ಸಪೂರ ಸಿಗರೇಟಿನ ಉದ್ದನೆಯ ಪ್ಯಾಕು ಪ್ರತ್ಯೇಕ ತಲೆನೋವು. ಅಗಲ ಪ್ಯಾಕಿಗೆ ಮಾಡಿದ ಚಿತ್ರವನ್ನು ಅದಕ್ಕೆ ಎಳೆದು ಕೂರಿಸಿದರೆ ಮುಖ ಸೊಟ್ಟಗಾಗಿ ನಗು ಬರಿಸುತ್ತದೆ. ಪ್ರತಿ ಆಕಾರಕ್ಕೂ ಬೇರೆ ಮುದ್ರಣ ಫೈಲನ್ನು ಸರ್ಕಾರವೇ ಕೊಡಬೇಕು. ನಾಲ್ಕು ಬಣ್ಣ, ಕನಿಷ್ಠ 300 ಡಿಪಿಐ (ಒಂದು ಅಂಗುಲದಲ್ಲಿ ಮುದ್ರಣವಾಗುವ ಚುಕ್ಕೆಗಳ ಲೆಕ್ಕ), ಅಕ್ಷರದ ಗಾತ್ರ, ಹಿನ್ನೆಲೆ ಬಣ್ಣ, ಎಲ್ಲವನ್ನೂ ಬರೆದೇ ಹೇಳಬೇಕು. ಇಷ್ಟು ಬಿಗಿ ಮಾಡದಿದ್ದರೆ ಚಿತ್ರ ಮಸುಕಾಗಿ ಬರುತ್ತದೆ, ಬ್ರ್ಯಾಂಡಿನ ಹೆಸರು ಮಾತ್ರ ಮಿರಿಮಿರಿ ಮಿಂಚುತ್ತದೆ. ತಂಬಾಕು ಡಬ್ಬಿ ದುಂಡಗಿದ್ದರೆ ಎಚ್ಚರಿಕೆ ಮುಚ್ಚಳದ ಮೇಲಿರಲಿ, ಅಂಚಿನಲ್ಲಿ ಅಲ್ಲ.

ಬ್ರ್ಯಾಂಡಿನ ಮಿಂಚನ್ನೇ ತೆಗೆದುಬಿಟ್ಟರೆ? ಆಸ್ಟ್ರೇಲಿಯಾ 2012ರ ಡಿಸೆಂಬರಿನಿಂದ ಮಾಡಿದ್ದು ಅದನ್ನೇ. ಲೋಗೋ ಇಲ್ಲ, ಎಲ್ಲ ಪ್ಯಾಕಿಗೂ ಒಂದೇ ಕೊಳಕು ಕಂದು ಬಣ್ಣ, ಹೆಸರು ಒಂದೇ ಅಚ್ಚಿನಲ್ಲಿ, ಮುಂಬದಿಯ ಶೇ. 75, ಹಿಂಬದಿಯ ಶೇ. 90 ಎಚ್ಚರಿಕೆಗೆ. ಕಣ್ಣಿನ ಚಲನೆ ಅಳೆದ ಸಂಶೋಧನೆಯೊಂದು ತೋರಿಸಿದಂತೆ, ಇಂಥ ಬೋಳು ಪ್ಯಾಕಿನಲ್ಲಿ ಸೇದದವರ ಮತ್ತು ವಾರಕ್ಕೊಮ್ಮೆ ಸೇದುವವರ ನೋಟ ಎಚ್ಚರಿಕೆಯ ಕಡೆ ಹೆಚ್ಚು ಹೋಗುತ್ತದೆ, ದಿನವೂ ಸೇದುವವರದ್ದು ಹಾಗೆ ಬದಲಾಗುವುದಿಲ್ಲ. ಅಂದರೆ ಚಟ ಇನ್ನೂ ಬೇರು ಬಿಡದ ಎಳೆಯರೇ ಇದರಿಂದ ಹೆಚ್ಚು ಲಾಭ ಪಡೆಯುವವರು.

ಚಿತ್ರ ಎಷ್ಟೇ ಚೆನ್ನಾಗಿದ್ದರೂ ಹಳೆಯದಾಗುತ್ತದೆ. ಕೆನಡಾ 2001ರಲ್ಲಿ ಪ್ಯಾಕಿನ ಅರ್ಧ ತುಂಬುವ ದೊಡ್ಡ ಬಣ್ಣದ ಚಿತ್ರಗಳನ್ನು ತಂದಿತು, 16 ಬಗೆ. ಅವನ್ನೇ ಹತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಸಿಕೊಂಡಿತು. ಅಷ್ಟು ಕಾಲ ನೋಡಿದ ಚಿತ್ರ ಗೋಡೆಯ ಕ್ಯಾಲೆಂಡರಿನಂತೆ ಕಣ್ಣಿಗೆ ಬೀಳುವುದೇ ನಿಲ್ಲುತ್ತದೆ. ಒಪ್ಪಂದದ ಮಾರ್ಗಸೂಚಿ 12ರಿಂದ 36 ತಿಂಗಳಿಗೊಮ್ಮೆ ಸರಣಿ ಬದಲಿಸಲು ಹೇಳುತ್ತದೆ. ಎಳೆಯರನ್ನು ಮನಸ್ಸಿನಲ್ಲಿಟ್ಟರೆ 12 ತಿಂಗಳೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಮಾಡಿದ ಮೇಲೂ ಪ್ಯಾಕನ್ನೇ ಮುಟ್ಟದ ಹುಡುಗನಿಗೆ ಏನು ಮಾಡುವುದು? ದುಡ್ಡು ಸಾಲದ ವಯಸ್ಸಿನಲ್ಲಿ ಕೊಳ್ಳುವುದು ಬಿಡಿ ಸಿಗರೇಟು, ಇಲ್ಲವೇ ಗೆಳೆಯನಿಂದ ಪಡೆದದ್ದು. ಕೆನಡಾ ಈ ಕಿಂಡಿ ಮುಚ್ಚಲು 2023ರ ನಿಯಮದಲ್ಲಿ ಒಂದೊಂದು ಸಿಗರೇಟಿನ ಮೇಲೂ ಎಚ್ಚರಿಕೆ ಮುದ್ರಿಸಲು ಹೇಳಿತು. 'ಪ್ರತಿ ದಮ್ಮಿನಲ್ಲೂ ವಿಷ' ಎಂಬ ಅರ್ಥದ ಸಾಲು ಅವುಗಳಲ್ಲೊಂದು. ಮುದ್ರಣ ಫಿಲ್ಟರಿನ ಸುತ್ತಲಿನ ಕಾಗದದ ಮೇಲೆ: ಆ ಭಾಗ ಉರಿಯುವುದಿಲ್ಲ, ತುಟಿಗೆ ಇಡುವಾಗ ಕಣ್ಣೆದುರೇ ಇರುತ್ತದೆ.

ಪ್ಯಾಕಿನ ಮೇಲೆ ಟಾರ್ (ಹೊಗೆಯಲ್ಲಿನ ಜಿಗುಟು ಪದಾರ್ಥ), ನಿಕೋಟಿನ್ ಎಷ್ಟಿದೆ ಎಂಬ ಅಂಕಿ ಬೇಡ. ಆ ಅಂಕಿ ಯಂತ್ರ ಸೇದಿ ಅಳೆದದ್ದು. ಮನುಷ್ಯ ಫಿಲ್ಟರಿನ ಸಣ್ಣ ರಂಧ್ರಗಳನ್ನು ಬೆರಳಿಂದ, ತುಟಿಯಿಂದ ಮುಚ್ಚುತ್ತಾನೆ, ಜೋರಾಗಿ ಎಳೆಯುತ್ತಾನೆ. ಕಡಿಮೆ ಅಂಕಿ ಕಂಡ ಹೊಸಬ ಇದು ಸುರಕ್ಷಿತ ಎಂದುಕೊಳ್ಳುತ್ತಾನೆ. 'ಲೈಟ್', 'ಮೈಲ್ಡ್' ಪದಗಳಿಗೂ ಇದೇ ಮಾತು.

ಮುದ್ರಿಸುವ ಮೊದಲು ಎಳೆಯರ ಮುಂದೆ ಪರೀಕ್ಷೆ ಆಗಲೇಬೇಕು. ಪರದೆಯ ಮೇಲೆ ತೋರಿಸಿದರೆ ಪ್ರಯೋಜನವಿಲ್ಲ. ನಿಜ ಗಾತ್ರದ ಮಾದರಿ ಪ್ಯಾಕು ಕೈಗೆ ಕೊಡಿ. 13–15, 16–18 ಬೇರೆ ಬೇರೆ ಗುಂಪು, ಹುಡುಗರು ಹುಡುಗಿಯರು ಬೇರೆ, ಒಮ್ಮೆಯೂ ಸೇದದವರು ಮತ್ತು ರುಚಿ ನೋಡಿದವರು ಬೇರೆ. ಮೂರು ಸೆಕೆಂಡು ತೋರಿಸಿ ತೆಗೆದಿಟ್ಟು ಏನು ನೆನಪಿದೆ ಎಂದು ಕೇಳಿ, ವಾರ ಬಿಟ್ಟು ಮತ್ತೆ ಕೇಳಿ. 'ಇಷ್ಟವಾಯಿತೇ' ಎಂದು ಕೇಳಬೇಡಿ, ಗುಂಪಿನಲ್ಲಿ ಜೋರು ಬಾಯಿಯವನ ಉತ್ತರವೇ ಎಲ್ಲರದ್ದೂ ಆಗುತ್ತದೆ. ಯಾರಾದರೂ ಮುಖ ತಿರುಗಿಸಿದರೆ ಆ ಚಿತ್ರ ಸೋತಿತೆಂದು ಬದಿಗಿಡಬೇಡಿ; ನೋಡಲಾಗದೆ ತಪ್ಪಿಸಿಕೊಂಡವನಿಗೂ ವಿಷಯ ತಲುಪಿರುತ್ತದೆ.

ಕೊನೆಗೆ ದಿನಾಂಕ, ಒಂದಲ್ಲ ಎರಡು. ಹಳೆಯ ಪ್ಯಾಕಿನ ತಯಾರಿಕೆ ನಿಲ್ಲುವ ದಿನ, ಹಳೆಯ ಪ್ಯಾಕಿನ ಮಾರಾಟ ನಿಲ್ಲುವ ದಿನ. ಮೊದಲನೆಯದನ್ನು ಮಾತ್ರ ಬರೆದರೆ ದಿನಾಂಕದ ಹಿಂದಿನ ತಿಂಗಳುಗಳಲ್ಲಿ ಗೋದಾಮು ತುಂಬಿಸಿಟ್ಟ ಹಳೆಯ ಸರಕು, ಹೊಸ ಚಿತ್ರ ಬಂದ ಮೇಲೂ ಬಹಳ ದಿನ ಅಂಗಡಿಯಲ್ಲಿ ಕಾನೂನುಬದ್ಧವಾಗಿಯೇ ಮಾರಾಟವಾಗುತ್ತಿರುತ್ತದೆ.