ಗೋಥಿಕ್ ಅಕ್ಷರದಲ್ಲಿ ಮದುಮಗಳ ಹೆಸರು ಕಾಣೆಯಾದದ್ದು

ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ನನ್ನದು. ಮದುವೆ ಕಾಗದವೇ ಜಾಸ್ತಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗ ತಂಗಿಯ ಮದುವೆ ಕಾಗದ ಮಾಡಿಸಲು ಬಂದ. "ಇಗರ್ಜಿಯಲ್ಲಿ ಮದುವೆ. ಅಕ್ಷರ ಗೋಥಿಕ್ ಬೇಕು, ಹಳೇ ಬೈಬಲ್ ಥರ" ಎಂದ.

ಫಾಂಟ್ ಪಟ್ಟಿಯಲ್ಲಿ ಗೋಥಿಕ್ ಎಂದು ಹುಡುಕಿದೆ. ಸಿಕ್ಕಿದ್ದು ಫ್ರಾಂಕ್ಲಿನ್ ಗೋಥಿಕ್. ಬಾಲವಿಲ್ಲ, ಬಳುಕಿಲ್ಲ, ಬೋಳು ಅಕ್ಷರ! ಅಮೆರಿಕದ ಅಚ್ಚಿನವರು ಇಂಥ ಬೋಳು ಅಕ್ಷರಕ್ಕೇ ಗೋಥಿಕ್ ಅನ್ನುತ್ತಿದ್ದರು. ಹುಡುಗ ಕೇಳಿದ್ದು ಬ್ಲ್ಯಾಕ್‌ಲೆಟರ್, ದಪ್ಪ ಗೆರೆಯ ಮೊನಚು ಅಕ್ಷರ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಸರು ಇದೆಯಲ್ಲ, ಆ ಬಗೆಯದ್ದು. ನಮ್ಮ ಕಂಪ್ಯೂಟರಿನಲ್ಲಿ ಅದೇ ಬಗೆಯ ಓಲ್ಡ್ ಇಂಗ್ಲಿಷ್ ಟೆಕ್ಸ್ಟ್ ಎಂಬ ಫಾಂಟ್ ಇತ್ತು. ಅದರ ಕ್ಯಾಪಿಟಲ್ ಅಕ್ಷರಗಳು ಎಷ್ಟು ಚಂದ ಕಂಡವೆಂದರೆ ಹೆಸರು, ತಾರೀಕು, ವಿಳಾಸ ಎಲ್ಲವನ್ನೂ ಕ್ಯಾಪಿಟಲ್ಲಿನಲ್ಲೇ ಹಾಕಿಬಿಟ್ಟೆ.

ಪ್ರೂಫ್ ನೋಡಲು ಹುಡುಗನ ತಾಯಿ ಬಂದರು. ಕನ್ನಡಕ ಏರಿಸಿದರು, ಇಳಿಸಿದರು. "ಇದರಲ್ಲಿ ಮಗಳ ಹೆಸರು ಎಲ್ಲಿ ಉಂಟು ಮಾರಾಯ್ರೆ?"

ಆ ಕ್ಯಾಪಿಟಲ್ಲುಗಳು ಯಕ್ಷಗಾನದ ಕಿರೀಟ ಇದ್ದ ಹಾಗೆ. ಒಬ್ಬ ವೇಷಧಾರಿಗೆ ಶೋಭೆ. ಚೆಂಡೆಯವರೂ ಭಾಗವತರೂ ತೊಟ್ಟರೆ? ಪದದ ಮೊದಲಿಗೆ ಒಂದು ನಿಲ್ಲಲಿ, ಹಿಂದೆ ಸಣ್ಣ ಅಕ್ಷರ ಬರಲಿ ಅಂತಲೇ ಅವನ್ನು ಬರೆದದ್ದು.

ಸಣ್ಣ ಅಕ್ಷರಕ್ಕೂ ಅದರದ್ದೇ ತಕರಾರು. 1455ರ ಸುಮಾರಿಗೆ ಜರ್ಮನಿಯ ಮೈಂಜ್‌ನಲ್ಲಿ ಗುಟೆನ್‌ಬರ್ಗ್ ಅಚ್ಚು ಹಾಕಿದ, ಪುಟಕ್ಕೆ 42 ಸಾಲಿನ ಬೈಬಲ್ ಇದೇ ಜಾತಿಯದ್ದು. ಆ ಜಾತಿಗೆ ಟೆಕ್ಸ್ಚುರಾ ಅನ್ನುತ್ತಾರೆ, ಅಂದರೆ ನೇಯ್ಗೆ. ಪುಟ ದೂರದಿಂದ ಸೀರೆಯ ಹಾಗೇ ಕಾಣುತ್ತದೆ. ಹತ್ತಿರ ಬಂದರೆ 'ಐ'ಗೆ ಒಂದು ಗೀಟು, 'ಎನ್'ಗೆ ಎರಡು, 'ಎಂ'ಗೆ ಮೂರು, ಎಲ್ಲ ಒಂದೇ ದಪ್ಪ, ಒಂದೇ ಅಂತರ. ಸಾಲಾಗಿ ಬಂದರೆ ಬೇಲಿಯೇ. 'ಐ' ತಲೆ ಮೇಲಿನ ಚುಕ್ಕಿ ಹುಟ್ಟಿದ್ದೂ ಇಂಥ ಬೇಲಿಯಲ್ಲಿ ಅದನ್ನು ಗುರುತಿಸಲಿಕ್ಕೆ. ಮದುಮಗಳ ಹೆಸರಲ್ಲಿ ಈ ಅಕ್ಷರಗಳದ್ದೇ ಜಾತ್ರೆ.

ಸಾಲದ್ದಕ್ಕೆ ಗೋಲ್ಡ್ ಫಾಯಿಲ್ ಬೇರೆ, ಅಂದರೆ ಚಿನ್ನದ ಬಣ್ಣದ ಹಾಳೆಯಿಟ್ಟು ಅಕ್ಷರ ಒತ್ತುವುದು. 10 ಪಾಯಿಂಟಿನ ಪುಟ್ಟ ಗಾತ್ರದಲ್ಲಿದ್ದ ವಿಳಾಸವನ್ನು ಒತ್ತಿ ನೋಡಿದಾಗ ಕೂದಲೆಳೆಯಂಥ ಗೆರೆಗಳು ಕಿತ್ತುಹೋಗಿದ್ದವು, ಸಂದುಗಳೆಲ್ಲ ಚಿನ್ನದಿಂದ ತುಂಬಿದ್ದವು. ಒತ್ತಲಿಕ್ಕೆ ಬ್ಲಾಕ್, ಅಂದರೆ ಅಚ್ಚು, ಮಾಡಿಸಿದ ದುಡ್ಡು ಹೋಯಿತು. ಯಜಮಾನರು ಏನೂ ಹೇಳಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಎರಡನೇ ಸಲ ಹೆಸರುಗಳು ಮಾತ್ರ ಗೋಥಿಕ್, 36 ಪಾಯಿಂಟ್, ಮೊದಲಕ್ಷರವಷ್ಟೇ ಕ್ಯಾಪಿಟಲ್. ಅಕ್ಷರಗಳ ನಡುವೆ ಜಾಗ ಬಿಡುವ ಆಸೆಯಾಯಿತು, ಆದರೆ ನೇಯ್ಗೆ ಬಿಚ್ಚಿದರೆ ಈ ಅಕ್ಷರಕ್ಕೆ ಕಳೆಯೇ ಇಲ್ಲ, ಬಿಟ್ಟೆ. ತಾರೀಕು, ವಿಳಾಸ ಎಲ್ಲ ಗ್ಯಾರಮಂಡ್ ಎಂಬ ಓದಲು ಸುಲಭದ ಫಾಂಟಿಗೆ ಹೋದವು.

ತಾಯಿ ಮತ್ತೆ ಬಂದರು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. "ಈಗ ಕಾಣ್ತದೆ" ಅಂದರು. ಆಮೇಲೆ ಮೆಲ್ಲಗೆ, "ಆದ್ರೆ ಇಲ್ಲಿ ಎರಡು 'ಎನ್' ಬರಬೇಕಲ್ವಾ?"

ಹಳೇ ಪ್ರೂಫ್ ತೆಗೆದು ನೋಡಿದೆ. ಅದರಲ್ಲೂ ಒಂದೇ ಇತ್ತು.