ಮರ್ಮಗೋವಾದ ಉಬ್ಬರ ಫಲಕ: ಐದೂವರೆ ಗಂಟೆಯ ತಪ್ಪು ಸಿಕ್ಕಿದ ಬಗೆ

ಗೋವಾದ ವಾಸ್ಕೋದಲ್ಲಿರುವ ನಮ್ಮ ಮನೆಯ ಪಡಸಾಲೆಗೆಂದು ನಾನು ಮಾಡುತ್ತಿರುವ ಉಬ್ಬರ–ಇಳಿತದ ಫಲಕ ಈ ತಿಂಗಳು ಒಂದು ಮಟ್ಟಿಗೆ ನಂಬಬಹುದಾದ ಸ್ಥಿತಿಗೆ ಬಂದಿದೆ. ಮರ್ಮಗೋವಾ ಬಂದರಿನಲ್ಲಿ ನೀರಿನ ಮಟ್ಟ ಅಳೆಯುವ ಮಾಪಕದ ನೇರ ದತ್ತಾಂಶವನ್ನು ಇಎಸ್‌ಪಿ32 ಎಂಬ, ವೈಫೈ ಇರುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು ಆಗಾಗ ತರಿಸಿಕೊಂಡು, ಇ-ಪೇಪರ್ ಪರದೆಯ ಮೇಲೆ ಮೂರು ಅಂಕಿಗಳನ್ನು ತೋರಿಸುತ್ತದೆ: ಮಾಪಕ ಅಳೆದ ನೀರಿನ ಮಟ್ಟ, ಮೊದಲೇ ಲೆಕ್ಕ ಹಾಕಿಟ್ಟ ಉಬ್ಬರ ಪಟ್ಟಿಯ ಪ್ರಕಾರ ಇರಬೇಕಾದ ಮಟ್ಟ ಮತ್ತು ಇವೆರಡರ ಅಂತರ. ಅವುಗಳ ಕೆಳಗೆ ‘ಏರುತ್ತಿದೆ’, ‘ಇಳಿಯುತ್ತಿದೆ’ ಅಥವಾ ‘ನಿಂತಿದೆ’ ಎಂಬ ಒಂದೇ ಕನ್ನಡ ಪದ ಇರುತ್ತದೆ. ಖಾರೀವಾಡೊ ಜೆಟ್ಟಿಯಲ್ಲಿ ದೋಣಿಗಳ ಮೇಲೆ ದುಡಿಯುವ ನಮ್ಮ ಕಡೆಯವರು ಅಂಕಿಗಳಿಗಿಂತ ಮೊದಲು ಕೇಳಿದ್ದು ಆ ಪದವನ್ನೇ.

ಮೊದಲ ಹಂತದಲ್ಲಿ ನೇರ ದತ್ತಾಂಶವನ್ನು ಮುಟ್ಟದೆ, ಹಿಂದಿನ ಹದಿನೈದು ದಿನಗಳ ದಾಖಲೆಯನ್ನು ಇಳಿಸಿಕೊಂಡು ಉಬ್ಬರ ಪಟ್ಟಿಯೊಡನೆ ಹೋಲಿಸಿದೆ. ಎರಡು ರೇಖೆಗಳು ಒಂದಕ್ಕೊಂದು ವಿರುದ್ಧವಾಗಿದ್ದವು. ಪಟ್ಟಿಯಲ್ಲಿ ಉಬ್ಬರವಿದ್ದ ಕಡೆ ನನ್ನ ರೇಖೆಯಲ್ಲಿ ಇಳಿತ ಕಾಣುತ್ತಿತ್ತು. ಬಂದರಿನಲ್ಲಿರುವ ರೇಡಾರ್ ಮಾಪಕವು ನೀರಿನ ಮೇಲೆ ನಿಂತು ಕೆಳಮುಖವಾಗಿ ದೂರವನ್ನು ಅಳೆಯುವುದರಿಂದ, ನೀರು ಏರಿದಷ್ಟೂ ಅದರ ಅಂಕಿ ಕಡಿಮೆಯಾಗಬೇಕು ಎಂಬುದು ನನಗೆ ತಿಳಿದಿತ್ತು. ಆದ್ದರಿಂದ ಇದು ಮಟ್ಟವಾಗಿ ಪರಿವರ್ತನೆಯಾಗದ ದೂರವೇ ಇರಬೇಕೆಂದು ತೀರ್ಮಾನಿಸಿ, ಅಂಕಿಗಳ ಚಿಹ್ನೆಯನ್ನು ತಿರುಗಿಸಿದೆ. ರೇಖೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕುಳಿತವು. ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ ವಿಳಂಬ ಉಳಿದಿತ್ತಾದರೂ, ಅದು ಮಾಪಕವಿರುವ ಜಾಗದಿಂದಾದ ವ್ಯತ್ಯಾಸವಿರಬಹುದೆಂದು ಭಾವಿಸಿ ಎರಡು ವಾರ ಅದರ ಮೇಲೆಯೇ ಕೆಲಸ ಮುಂದುವರಿಸಿದೆ.

ನೇರ ದತ್ತಾಂಶವನ್ನು ಜೋಡಿಸಿದ ದಿನ ತಪ್ಪು ತಾನಾಗಿ ಹೊರಬಿತ್ತು. ಆಗಷ್ಟೇ ಬಂದ ಬಿಂದುವಿನ ಸಮಯ ಗೋಡೆಯ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿತ್ತು. ದಾಖಲೆಯ ಸಮಯ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿದೆ, ನನ್ನ ಉಬ್ಬರ ಪಟ್ಟಿ ಅದಕ್ಕಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಕಾಲಮಾನದಲ್ಲಿದೆ. ಚಂದ್ರನಿಂದಾಗುವ ಮುಖ್ಯ ಉಬ್ಬರದ ಆವರ್ತ 12 ಗಂಟೆ 25 ನಿಮಿಷ. ಅದರ ಅರ್ಧ 6 ಗಂಟೆ 12 ನಿಮಿಷಕ್ಕೆ ತುಸು ಹೆಚ್ಚು. ಐದೂವರೆ ಗಂಟೆಯ ವ್ಯತ್ಯಾಸ ಈ ಅರ್ಧ ಆವರ್ತಕ್ಕೆ ಎಷ್ಟು ಹತ್ತಿರವಿದೆಯೆಂದರೆ, ಸಮಯದ ತಪ್ಪು ನೋಡುವವನ ಕಣ್ಣಿಗೆ ಚಿಹ್ನೆಯ ತಪ್ಪಿನಂತೆಯೇ ಕಾಣುತ್ತದೆ. ಉಳಿದಿದ್ದ ಸುಮಾರು 42 ನಿಮಿಷಗಳ ವಿಳಂಬ ಈ ಎರಡರ ನಡುವಿನ ಅಂತರವೇ ಆಗಿತ್ತು. ಭಾರತದ ಯಾವ ಬಂದರಿನ ಮಾಪಕವನ್ನು ಹೀಗೆ ಓದಿದರೂ ಈ ಹೊಂಡ ಇದ್ದೇ ಇರುತ್ತದೆಯಾದ್ದರಿಂದ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಎರಡು ಸುಳಿವುಗಳು ಮೊದಲಿನಿಂದಲೂ ಕಣ್ಣೆದುರಿಗಿದ್ದವು. ಅದೇ ಕಡತದಲ್ಲಿ, ನೀರಿನೊಳಗಿದ್ದು ನೀರಿನ ಒತ್ತಡ ಅಳೆಯುವ ಮಾಪಕದ ಅಂಕಣವೂ ಇತ್ತು. ನೀರು ಏರಿದಾಗ ಒತ್ತಡ ಹೆಚ್ಚಲೇಬೇಕು, ಮತ್ತು ರೇಡಾರ್ ಅಂಕಣ ಅದರ ಜೊತೆಜೊತೆಗೇ ಏರಿಳಿಯುತ್ತಿತ್ತು. ಅಂದರೆ ದೂರವು ಮಟ್ಟವಾಗಿ ಪರಿವರ್ತನೆಯಾಗಿಯೇ ಬರುತ್ತಿತ್ತು. ಇನ್ನೊಂದು ಸುಳಿವು ಉಬ್ಬರದ ಆಕಾರದಲ್ಲಿತ್ತು. ಗೋವಾ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳು ಸಮನಾಗಿರುವುದಿಲ್ಲ, ಎರಡು ಇಳಿತಗಳೂ ಸಮನಾಗಿರುವುದಿಲ್ಲ. ಚಿಹ್ನೆ ತಿರುಗಿಸಿದ ರೇಖೆಯಲ್ಲಿ ಇಳಿತಗಳ ವ್ಯತ್ಯಾಸ ಉಬ್ಬರಗಳ ತಲೆಯ ಮೇಲೆ ಹೋಗಿ ಕುಳಿತಿತ್ತು. ಕುಮಟಾ ಕಡೆಯ ಗಜನಿ ಭೂಮಿಯವರಾದ (ಉಬ್ಬರದ ಉಪ್ಪುನೀರು ಬರುವ ಗದ್ದೆಗಳ ಕಡೆಯವರಾದ) ನನ್ನ ತಂದೆ ತಿಥಿ ಎಣಿಸಿ, ಉಬ್ಬರ ದಿನಕ್ಕೆ ಸುಮಾರು ಎರಡು ಘಳಿಗೆ ತಡವಾಗುತ್ತದೆಂದು ಲೆಕ್ಕ ಹಾಕುತ್ತಿದ್ದರು. ಎರಡು ಘಳಿಗೆಯೆಂದರೆ 48 ನಿಮಿಷ, ಪುಸ್ತಕದ ಲೆಕ್ಕವಾದ 50 ನಿಮಿಷಕ್ಕೆ ಬಹಳ ಹತ್ತಿರ. ಆ ಲೆಕ್ಕ ಹಿಡಿದು ಒಂದು ಸಂಜೆ ಜೆಟ್ಟಿಯ ಮೆಟ್ಟಿಲ ಮೇಲೆ ನಿಂತಿದ್ದರೆ ಎರಡು ವಾರ ಉಳಿಯುತ್ತಿತ್ತು.

ಅಂಕಿಗಳ ಶುದ್ಧೀಕರಣ ಸುಲಭವಾಗಿಯೇ ಮುಗಿಯಿತು. ಒಮ್ಮೊಮ್ಮೆ ಬರುವ ಅಸಂಭವ ಜಿಗಿತಗಳಿಗೆ ಸರಾಸರಿಗಿಂತ ಮಧ್ಯಾಂಕವೇ, ಅಂದರೆ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಅಂಕಿಯೇ ಮೇಲು. ದತ್ತಾಂಶ ನಿಂತುಹೋದರೆ ಫಲಕವೂ ಖಾಲಿ ಇರಬೇಕು, ಊಹೆಯ ರೇಖೆ ಎಳೆಯಬಾರದು.

ಕಷ್ಟವಾಗಿರುವುದು ಸೊನ್ನೆಯ ಪ್ರಶ್ನೆ. ಉಬ್ಬರ ಪಟ್ಟಿಯ ಎತ್ತರಗಳನ್ನು ಚಾರ್ಟ್ ಡೇಟಂನಿಂದ, ಅಂದರೆ ನೀರು ಅಪರೂಪಕ್ಕೆ ಮಾತ್ರ ಕೆಳಗಿಳಿಯುವ ಒಂದು ನಿಗದಿತ ಮಟ್ಟದಿಂದ ಎಣಿಸುತ್ತಾರೆ. ನನಗೆ ಬರುವ ದತ್ತಾಂಶದ ಸೊನ್ನೆಗೆ ಅಂಥ ಅರ್ಥವಿಲ್ಲ. ಮೂವತ್ತು ದಿನಗಳ ಸರಾಸರಿ ಅಂತರವನ್ನು ಕಳೆದು ತಾತ್ಕಾಲಿಕವಾಗಿ ಹೊಂದಿಸಿದ್ದೇನೆ, ಆದರೆ ಇದರಲ್ಲಿ ನನಗೆ ಪೂರ್ಣ ತೃಪ್ತಿಯಿಲ್ಲ. ವಾಯುಭಾರ ಒಂದು ಹೆಕ್ಟೋಪಾಸ್ಕಲ್ ಕುಸಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಅದಕ್ಕಿಂತ ದೊಡ್ಡದು ಋತುಮಾನದ ಬದಲಾವಣೆ: ಪಶ್ಚಿಮ ಕರಾವಳಿಯಲ್ಲಿ ಸಮುದ್ರಮಟ್ಟ ಮುಂಗಾರಿನ ಕೊನೆಯ ಹೊತ್ತಿಗೆ ತಗ್ಗಿ, ಚಳಿಗಾಲದಲ್ಲಿ ಏರುತ್ತದೆ. ಸೆಪ್ಟೆಂಬರಿನ ಸರಾಸರಿಯಿಂದ ಸೊನ್ನೆಯನ್ನು ಕಟ್ಟಿದರೆ ಡಿಸೆಂಬರಿನಲ್ಲಿ ಫಲಕದ ‘ಅಂತರ’ದ ಅಂಕಿ ಕಾರಣವಿಲ್ಲದೆ ಉಬ್ಬಿಕೊಂಡು ಕಾಣುತ್ತದೆ. ಕನಿಷ್ಠ ಒಂದು ವರ್ಷದ ದಾಖಲೆ ಕೈಸೇರದೆ ಈ ಹೊಂದಾಣಿಕೆಯನ್ನು ಅಂತಿಮವೆಂದು ಕರೆಯಲಾರೆ.

ಸದ್ಯ ಫಲಕದ ಮೂಲೆಯಲ್ಲಿ ‘ನೌಕಾಯಾನಕ್ಕೆ ಬಳಸಬಾರದು’ ಎಂದು ಬರೆದಿದ್ದೇನೆ. ಜೆಟ್ಟಿಯ ಮೆಟ್ಟಿಲುಗಳಲ್ಲಿ ಒಂದಕ್ಕೆ ಬಣ್ಣದ ಗುರುತು ಹಾಕಲು ಅಲ್ಲಿಯವರು ಒಪ್ಪಿದ್ದಾರೆ. ಅಮಾವಾಸ್ಯೆಯ ನಂತರದ ಮೂರು ದಿನ ನೀರು ಆ ಗುರುತನ್ನು ದಾಟುವ ಹೊತ್ತನ್ನು ಬರೆದಿಟ್ಟುಕೊಂಡು ಫಲಕದೊಡನೆ ಹೋಲಿಸುತ್ತೇನೆ; ಅಲ್ಲಿಯವರೆಗೆ ಪರದೆಯ ಮೇಲೆ ಎತ್ತರದ ಅಂಕಿಯ ಮುಂದೆ ‘ಅಂದಾಜು’ ಎಂಬ ಪದ ಇರುತ್ತದೆ.