ಮೊದಲ ಕಾರ್ಸೆಟ್ ಯಾವುದು ತಗೊಳ್ಳಲಿ?

ಕಾರವಾರದಲ್ಲಿ ಬ್ಲೌಸ್, ಗೌನ್ ಹೊಲಿಯುವ ನನಗೆ ಈಚೆಗೆ ಅಳತೆಗಿಂತ ಮೊದಲು ಬರುವ ಪ್ರಶ್ನೆ ಇದು. ಕಾರ್ಸೆಟ್ ಅಂದರೆ ಒಳಗೆ ಕಡ್ಡಿ ಇಟ್ಟು ಹೊಲಿದ, ಹಿಂದೆ ದಾರ ಎಳೆದು ನಡುವಿಗೆ ಬಿಗಿದು ಕಟ್ಟುವ ಉಡುಪು. "ಅಕ್ಕಾ, ಆನ್‌ಲೈನಲ್ಲಿ ಒಂದು ಕಾರ್ಸೆಟ್ ನೋಡಿದ್ದೇನೆ, ತಗೊಳ್ಳಲಾ?" ಅಂತ ಮೊಬೈಲ್ ಮುಂದೆ ಹಿಡಿಯುತ್ತಾರೆ. ಶಿರಸಿ, ಕುಮಟಾ ಕಡೆಯಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. ಚರ್ಚಿನಲ್ಲಿ ಮದುವೆಯಾಗುವ ಹುಡುಗಿಯರು ಬಿಳಿ ಗೌನಿಗಾಗಿ ಕೇಳುತ್ತಾರೆ. ಉಳಿದವರು ಸೀರೆಯ ಜೊತೆ ಹಾಕಲು ಅಥವಾ ಫೋಟೋಶೂಟಿಗೆ.

ಚುಟುಕಾಗಿ ಹೇಳುವುದಾದರೆ, ಎದೆಯ ಕೆಳಗಿನಿಂದ ಶುರುವಾಗುವ, ಸ್ಟೀಲ್ ಕಡ್ಡಿ ಇರುವ, ಒಳಪದರ ಹತ್ತಿಯದಾದ, ನಿಮ್ಮ ನಡುವಿಗಿಂತ 4 ಇಂಚು ಚಿಕ್ಕದಾದ ಕಾರ್ಸೆಟ್ ತಗೊಳ್ಳಿ. ಎದೆಯನ್ನೂ ಮುಚ್ಚುವಂಥದ್ದು ಮೊದಲ ಸಲಕ್ಕೆ ಬೇಡ. ಅದರಲ್ಲಿ ಎದೆಯ ಅಳತೆಯೂ ಸರಿಯಾಗಿ ಕೂರಬೇಕು. ರೆಡಿಮೇಡಿನಲ್ಲಿ ಅದು ಕೂರುವುದು ಅಪರೂಪ.

ಆದರೆ ಇಷ್ಟು ಹೇಳುವ ಮೊದಲು ನಾನು ತಿರುಗಿ ಕೇಳುವುದು, "ಯಾತಕ್ಕೆ?" ಅಂತ. ಕೇಳುವವರಲ್ಲಿ ಅರ್ಧ ಜನರಿಗೆ ಬೇಕಾಗಿರುವುದು ಕಾರ್ಸೆಟ್ಟೇ ಅಲ್ಲ.

ಸೀರೆಯ ಮೇಲೆ ಕಾರ್ಸೆಟ್ ಥರ ಕಾಣುವ ಬ್ಲೌಸ್ ಬೇಕಾದರೆ ಅದನ್ನು ಟೈಲರ್ ಹತ್ತಿರವೇ ಹೊಲಿಸಬಹುದು. ಪ್ರಿನ್ಸೆಸ್ ಕಟ್, ಒಳಗೆ ಕ್ಯಾನ್ವಾಸ್, ಹೊಲಿಗೆಯ ಉದ್ದಕ್ಕೂ ಪ್ಲಾಸ್ಟಿಕ್ ಬೋನ್, ಅಂದರೆ ಕಡ್ಡಿ. ಅದು ನಡು ಸಣ್ಣ ಮಾಡುವುದಿಲ್ಲ, ಬಟ್ಟೆ ಸುಕ್ಕಾಗದೆ ನೆಟ್ಟಗೆ ನಿಲ್ಲುವಂತೆ ಮಾಡುತ್ತದೆ. ಅಷ್ಟು ಸಾಕು ಅಲ್ವಾ? ಹಿಂದೆ ಚೈನ್ ಬದಲು ಐಲೆಟ್ (ದಾರ ಪೋಣಿಸುವ ಕಣ್ಣು) ಹಾಕಿಸಿ ದಾರ ಕಟ್ಟಿಸಿಕೊಳ್ಳಿ. ಮದುವೆ ಮನೆಯ ಓಡಾಟದಲ್ಲಿ ಮೈ ಒಂದಿಂಚು ಹೆಚ್ಚುಕಡಿಮೆ ಆದರೂ ದಾರ ಸರಿಮಾಡಿಕೊಳ್ಳಬಹುದು. ಚೈನ್ ಮಾತು ಕೇಳುವುದಿಲ್ಲ.

ಹೊಟ್ಟೆ ಕರಗಿಸುತ್ತದೆ ಎಂದು ಮಾರುವ ರಬ್ಬರಿನ, ಹುಕ್ಕುಗಳ ಬೆಲ್ಟ್ ಬೇರೆಯೇ ಸಾಮಾನು. ಅದರೊಳಗೆ ಬೆವರು ಬರುತ್ತದೆ, ಬೊಜ್ಜು ಹೋಗುವುದಿಲ್ಲ. ಕಾರ್ಸೆಟ್ಟಿನಿಂದಲೂ ಬೊಜ್ಜು ಕರಗುವುದಿಲ್ಲ. ಕಟ್ಟಿಕೊಂಡಷ್ಟು ಹೊತ್ತು ಆಕಾರ ಕೊಡುತ್ತದೆ, ಬಿಚ್ಚಿದ ಮೇಲೆ ಮೈ ತನ್ನ ಪಾಡಿಗೆ ತಾನು ಮರಳುತ್ತದೆ. ಇನ್ನು ಬೆನ್ನುನೋವಿಗೆ ಡಾಕ್ಟರ್ ಬರೆದುಕೊಡುವ ಬೆಲ್ಟಿನ ಜಾಗದಲ್ಲಿ ಫ್ಯಾಶನ್ ಕಾರ್ಸೆಟ್ ಹಾಕುವುದೂ ತಪ್ಪು. ಬಾಣಂತಿಯರಿಗೆ ನಮ್ಮಲ್ಲಿ ಹಳೇ ಸೀರೆ ಸುತ್ತಿ ಹೊಟ್ಟೆ ಕಟ್ಟುವುದುಂಟು. ಅದರ ಬದಲು ಇದನ್ನು ಹಾಕಬಹುದಾ ಎಂದು ಅಜ್ಜಿಯರೇ ಕೇಳಿದ್ದಾರೆ. ಬೇಡ. ಹೆರಿಗೆಯಾದ ಮೇಲೆ ಏನು ಕಟ್ಟಬೇಕು, ಯಾವಾಗ ಕಟ್ಟಬೇಕು ಎಂಬುದನ್ನು ಡಾಕ್ಟರ್ ಹೇಳಲಿ.

ಇಷ್ಟೆಲ್ಲ ಕೇಳಿಯೂ ಕಾರ್ಸೆಟ್ಟೇ ಬೇಕು ಅಂದರೆ, ಟೇಪ್ ತನ್ನಿ.

ಅಳತೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಲಂಗದ ಲಾಡಿ ಕಟ್ಟುವ ಜಾಗವನ್ನೇ ನಡು ಎಂದುಕೊಂಡು ಅಳೆಯುತ್ತಾರೆ. ಲಾಡಿ ಸಾಮಾನ್ಯವಾಗಿ ಹೊಕ್ಕುಳಿನ ಮಟ್ಟದಲ್ಲಿ ಅಥವಾ ಇನ್ನೂ ಕೆಳಗೆ ಇರುತ್ತದೆ. ಕನ್ನಡಿ ಮುಂದೆ ನಿಂತು ಒಂದು ಪಕ್ಕಕ್ಕೆ ಬಾಗಿ. ಎಲ್ಲಿ ಮಡಿಕೆ ಬೀಳುತ್ತದೋ ಅದು ನಡು. ಅಲ್ಲಿ ಟೇಪ್ ಸುತ್ತಿ. ಉಸಿರು ಒಳಗೆ ಎಳೆದುಕೊಳ್ಳಬೇಡಿ, ಸುಮ್ನೆ ಸಹಜವಾಗಿ ನಿಲ್ಲಿ. ಆಮೇಲೆ ಬ್ರಾ ಪಟ್ಟಿಯ ಕೆಳಗೆ ಒಂದು ಅಳತೆ, ಸೊಂಟದ ಮೂಳೆಯ ಮೇಲೆ ಒಂದು. ಕೊನೆಗೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎದೆಯ ಕೆಳಗಿನಿಂದ ತೊಡೆಯವರೆಗಿನ ಉದ್ದ. ಕಾರ್ಸೆಟ್ ಇದಕ್ಕಿಂತ ಉದ್ದ ಇದ್ದರೆ ಕೂತ ತಕ್ಷಣ ಕೆಳಗಿನ ಅಂಚು ತೊಡೆಗೆ ಒತ್ತುತ್ತದೆ, ಮೇಲಿನದು ಎದೆಗೆ. ಗಿಡ್ಡ ಇರುವ ನಮ್ಮಂಥವರು ಇದನ್ನು ಮರೆಯಲೇಬಾರದು.

ಲೆಕ್ಕ ಹೀಗೆ. ನಿಮ್ಮ ನಡು 30 ಇಂಚು ಎಂದುಕೊಳ್ಳಿ. 26ರ ಕಾರ್ಸೆಟ್ ತಗೊಳ್ಳಿ. ಈ 26 ಎನ್ನುವುದು ಹಿಂದಿನ ಎರಡು ಅಂಚು ಪೂರ್ತಿ ಕೂಡಿದಾಗಿನ ಅಳತೆ. ಹಾಕಿಕೊಂಡಾಗ ಹಿಂದೆ ಎರಡು ಇಂಚು ಜಾಗ ಬಿಡುತ್ತೀರಿ, ಅಂದರೆ ನಡು 28ಕ್ಕೆ ಬರುತ್ತದೆ. ಹೊಸಬರಿಗೆ ಎರಡಿಂಚು ಕಡಿಮೆಯಾದರೂ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಹಳೇ ಕಾಲದ ಯುರೋಪಿನ ಹೆಂಗಸರ ನಡು 18 ಇಂಚು ಇತ್ತು ಎಂದು ಬಾಯಿಬಿಟ್ಟು ಕೇಳುವವರಿಗೂ ನಾನು ಇದೇ ಲೆಕ್ಕ ಹೇಳುತ್ತೇನೆ. 18 ಎನ್ನುವುದು ಎಷ್ಟೋ ಸಲ ಮುಚ್ಚಿಟ್ಟ ಕಾರ್ಸೆಟ್ಟಿನ ಅಳತೆ. ಹಿಂದೆ ಜಾಗ ಬಿಟ್ಟು ಹಾಕಿಕೊಂಡವಳ ನಡು ಅದಕ್ಕಿಂತ ದೊಡ್ಡದೇ. ಪಕ್ಕೆಲುಬು ತೆಗೆಸಿಕೊಳ್ಳುತ್ತಿದ್ದರು ಎಂಬ ಕತೆಗಂತೂ ಆಧಾರವೇ ಇಲ್ಲ.

ಬರೀ ನಡು ನೋಡಿದರೆ ಸಾಲದು. ನಿಮ್ಮ ಎದೆ ಕೆಳಗೆ 31, ಸೊಂಟದ ಮೂಳೆಯ ಮೇಲೆ 36 ಇದೆ ಎಂದರೆ, ಆ 26ರ ಕಾರ್ಸೆಟ್ ಮುಚ್ಚಿದಾಗ ಮೇಲೆ 29, ಕೆಳಗೆ 34ರ ಹತ್ತಿರ ಇರಬೇಕು. ಆಗ ಹಿಂದಿನ ಜಾಗ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇರುತ್ತದೆ. ಅಗ್ಗದವು ಹೆಚ್ಚು ಕಡಿಮೆ ನೆಟ್ಟಗಿನ ಕೊಳವೆ. ನಡುವಿಗೆ ಬಿಗಿ ಮಾಡುವ ಮೊದಲೇ ಸೊಂಟ ಹಿಡಿದುಕೊಳ್ಳುತ್ತದೆ, ಹಿಂದೆ ಕೆಳಗಡೆ ಬಾಯಿ ತೆರೆದುಕೊಳ್ಳುತ್ತದೆ. ಮಾರುವವರು ಮೇಲಿನ ಮತ್ತು ಕೆಳಗಿನ ಅಳತೆ ಕೊಟ್ಟಿಲ್ಲ ಎಂದಾದರೆ, ಎಸ್, ಎಂ, ಎಲ್ ಅಂತ ಮಾತ್ರ ಬರೆದಿದ್ದಾರೆ ಎಂದಾದರೆ, ಮುಂದೆ ಹೋಗಿ.

ಪಾರ್ಸೆಲ್ ಬಂದ ಮೇಲೆ ಫ್ರಿಜ್ಜಿನ ಮೇಲೆ ಅಂಟಿಸುವ ಅಯಸ್ಕಾಂತ ತಂದು ಕಡ್ಡಿಗಳ ಮೇಲೆ ಇಟ್ಟು ನೋಡಿ. ಎಲ್ಲೂ ಅಂಟದಿದ್ದರೆ ಒಳಗಿರುವುದು ಹೆಚ್ಚಾಗಿ ಪ್ಲಾಸ್ಟಿಕ್. ಪ್ಲಾಸ್ಟಿಕ್ ಕಡ್ಡಿ ಮೈ ಬಿಸಿಗೆ ಮೆತ್ತಗಾಗಿ, ನಡುವಿನ ಹತ್ತಿರ ಮಡಚಿ, ಮಡಚಿದಂತೆಯೇ ಉಳಿದು ಪಕ್ಕೆಗೆ ಚುಚ್ಚುತ್ತದೆ. ಸ್ಟೀಲಿನಲ್ಲಿ ಎರಡು ಬಗೆ. ಪಕ್ಕದಲ್ಲಿ ಸುರುಳಿ ಸ್ಟೀಲ್, ಅದು ಎಲ್ಲಾ ಕಡೆ ಬಾಗುತ್ತದೆ. ಹಿಂದೆ ಐಲೆಟ್ ಸಾಲಿನ ಎರಡೂ ಬದಿಗೆ ಚಪ್ಪಟೆ ಸ್ಟೀಲ್ ಪಟ್ಟಿ. ಅದು ಇಲ್ಲದಿದ್ದರೆ ದಾರ ಎಳೆದಾಗ ಹಿಂಭಾಗ ಮುದುಡುತ್ತದೆ. ಮೊದಲೆಲ್ಲ ಈ ಕೆಲಸಕ್ಕೆ ತಿಮಿಂಗಿಲದ ಬಾಯೊಳಗಿನ ಪಟ್ಟಿಗಳನ್ನು ಸೀಳಿ ಹಾಕುತ್ತಿದ್ದರು. ಅವು ಸಿಗುವುದು ಕಷ್ಟವಾದಾಗ, 1883ರಲ್ಲಿ ಅಮೆರಿಕದ ವಾರೆನ್ ಎಂಬ ವ್ಯಾಪಾರಿ ಟರ್ಕಿ ಕೋಳಿಯ ಗರಿಕಡ್ಡಿಯಿಂದ ಬೋನ್ ಮಾಡಿದ.

ಮುಂದೆ ಗುಂಡಿ ಮತ್ತು ಕೊಕ್ಕೆ ಇರುವ ಎರಡು ಸ್ಟೀಲ್ ಪಟ್ಟಿ ಇರುತ್ತದಲ್ಲ, ಅದು ಬಸ್ಕ್. ಹೀಗೆ ಎರಡಾಗಿ ತೆರೆಯುವ ಬಸ್ಕ್ 1829ರಲ್ಲಿ ಫ್ರಾನ್ಸಿನಲ್ಲಿ ಬಂತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಲೋಹದ ಐಲೆಟ್ ಕೂಡ ಬಂತು. ಇವೆರಡೂ ಬಂದ ಮೇಲೆ ಹೆಂಗಸರು ಯಾರ ಸಹಾಯವೂ ಇಲ್ಲದೆ ಹಾಕಿ ತೆಗೆಯುವುದು ಸುಲಭವಾಯಿತು. ಬಸ್ಕಿನ ಬದಲು ಚೈನ್ ಇರುವುದನ್ನು ಮೊದಲ ಸಲ ತಗೊಳ್ಳಬೇಡಿ. ಒಳಗಡೆ ನಡುವಿನ ಸುತ್ತ ಒಂದು ಗಟ್ಟಿ ಪಟ್ಟಿ ಹೊಲಿದಿದ್ದಾರಾ ನೋಡಿ. ಎಳೆತವೆಲ್ಲ ಬೀಳುವುದು ಅದರ ಮೇಲೆ. ಕಾರ್ಸೆಟ್ಟಿಗೆಂದೇ ನೇಯುವ ಕೂಟಿಲ್ ಎಂಬ ಬಿಗಿ ಹತ್ತಿ ಬಟ್ಟೆ ಇದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ದಪ್ಪ ಟ್ವಿಲ್ ಆದರೂ ನಡೆದೀತು. ಹೊರಗೆ ಸ್ಯಾಟಿನ್ ಇರಲಿ, ಬ್ರೊಕೇಡ್ ಇರಲಿ, ಮೈಗೆ ತಾಗುವುದು ಹತ್ತಿ ಆಗಿರಬೇಕು. ಇಷ್ಟೆಲ್ಲ ಐನೂರು ರೂಪಾಯಿಗೆ ಬರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಈಗ ಹಾಕುವುದು. ಮೊದಲು ಚಪ್ಪಲಿ ಹಾಕಿಕೊಳ್ಳಿ! ನಗಬೇಡಿ. ಕಾರ್ಸೆಟ್ ಕಟ್ಟಿಕೊಂಡ ಮೇಲೆ ಬಗ್ಗಿ ಹೀಲ್ಸಿನ ಪಟ್ಟಿ ಹಾಕಲಾಗದೆ ಅಮ್ಮನನ್ನು ಕರೆಯುವವರು ಬಹಳ. ಬಾತ್‌ರೂಮಿಗೂ ಹೋಗಿ ಬನ್ನಿ. ಒಳಗೆ ತೆಳು ಹತ್ತಿ ಬನಿಯನ್ ಅಥವಾ ಸ್ಲಿಪ್ ಇರಲಿ.

ಹಿಂದಿನ ದಾರವನ್ನು ಪೂರ್ತಿ ಸಡಿಲ ಮಾಡಿ, ಸುತ್ತಿಕೊಂಡು, ಬಸ್ಕಿನ ನಡುವಿನ ಕೊಕ್ಕೆ ಮೊದಲು ಹಾಕಿ, ಆಮೇಲೆ ಉಳಿದವು. ದಾರ ನಡುವಿನ ಹತ್ತಿರ ಎರಡು ಕುಣಿಕೆಯಾಗಿ ಹೊರಗೆ ಬಂದಿರುತ್ತದೆ. ಮೇಲಿನ ಸಾಲಿನ ಸಡಿಲವನ್ನು ಕೆಳಕ್ಕೆ, ಕೆಳಗಿನ ಸಾಲಿನದನ್ನು ಮೇಲಕ್ಕೆ ಎಳೆಯುತ್ತಾ ಕುಣಿಕೆಗೆ ತನ್ನಿ. ಆಮೇಲೆ ಕುಣಿಕೆ ಎಳೆಯಿರಿ. ಒಮ್ಮೆಲೇ ಬಿಗಿ ಮಾಡಬೇಡಿ. ಸ್ವಲ್ಪ ಎಳೆದು, ಹತ್ತು ನಿಮಿಷ ಓಡಾಡಿ, ಮತ್ತೆ ಸ್ವಲ್ಪ. ಸಿನಿಮಾದಲ್ಲಿ ತೋರಿಸುವಂತೆ ಮಂಚದ ಕಾಲು ಹಿಡಿದು ಯಾರೋ ಹಿಂದಿನಿಂದ ಜಗ್ಗುವುದೆಲ್ಲ ಬೇಡ. ಮೇಲಿನ ಅಂಚಿನಲ್ಲಿ ಕೈ ಬೆರಳು ಒಳಗೆ ಹೋಗುವಷ್ಟು ಜಾಗ ಇರಬೇಕು. ಉಳಿದ ದಾರವನ್ನು ನಡುವಿಗೆ ಸುತ್ತಬೇಡಿ, ಬಟ್ಟೆ ಸವೆಯುತ್ತದೆ. ಗಂಟು ಹಾಕಿ ಒಳಗೆ ಸೇರಿಸಿ.

ಹೊಸ ಕಾರ್ಸೆಟ್ ಮೈಗೆ ಒಗ್ಗಲು ಸಮಯ ಬೇಕು. ದಿನಕ್ಕೆ ಒಂದೆರಡು ಗಂಟೆ, ಸಡಿಲವಾಗಿ, ಎರಡು ವಾರ. ಅಷ್ಟರಲ್ಲಿ ಬಟ್ಟೆ ಹದಕ್ಕೆ ಬರುತ್ತದೆ, ಎಲ್ಲಿ ಒತ್ತುತ್ತದೆ ಎಂಬುದು ನಿಮಗೂ ಗೊತ್ತಾಗುತ್ತದೆ. ಬಿಚ್ಚುವಾಗ ಯಾವತ್ತೂ ಹಿಂದಿನ ದಾರ ಮೊದಲು ಚೆನ್ನಾಗಿ ಸಡಿಲಿಸಿ, ಆಮೇಲೆ ಬಸ್ಕ್. ಬಿಗಿ ಇದ್ದಾಗಲೇ ಬಸ್ಕ್ ತೆರೆಯಲು ಹೋದರೆ ಕೊಕ್ಕೆ ಸೊಟ್ಟಗಾಗುತ್ತದೆ. ಚರ್ಚಿನ ಮದುವೆಯವರು ಟ್ರಯಲ್ಲಿನಲ್ಲಿ ಮೊಣಕಾಲೂರಿ ಕೂತು ನೋಡಲೇಬೇಕು. ನಿಂತಾಗ ಸರಿಯಿದ್ದದ್ದು ಮೊಣಕಾಲೂರಿದಾಗ ಕೆಳಗೆ ಚುಚ್ಚುವುದುಂಟು.

ಊಟ ಮಾಡಿದ ಕೂಡಲೇ ಕಟ್ಟಬೇಡಿ. ಬಂಗಡೆ ಸಾರು ಅನ್ನ ಹೊಡೆದು ಬಂದು ಬಿಗಿದುಕೊಂಡರೆ ಹುಳಿ ತೇಗು ಗಂಟಲಿಗೆ ಬರುತ್ತದೆ. ಹೊಟ್ಟೆಯ ಮೇಲೆ ಒತ್ತಡ ಬಿದ್ದರೆ ಆಗುವುದೇ ಅದು. ಬಸುರಿಯರು, ಹೊಟ್ಟೆಯ ಆಪರೇಶನ್ ಆದವರು, ಹರ್ನಿಯಾ ಇರುವವರು, ಅಸಿಡಿಟಿ ಜಾಸ್ತಿ ಇರುವವರು ಹಾಕಬಾರದು. ಬಿಪಿ, ಉಬ್ಬಸ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಜೋಮು ಹಿಡಿದರೆ, ನೋವಾದರೆ, ಉಸಿರು ಸಾಲದೆ ಹೋದರೆ ತಕ್ಷಣ ಸಡಿಲಿಸಿ. "ಅಭ್ಯಾಸ ಆಗುತ್ತೆ ಬಿಡು" ಎನ್ನುವವರ ಮಾತು ಕೇಳಬೇಡಿ. ರಾತ್ರಿ ಹಾಕಿ ಮಲಗುವುದಂತೂ ಬೇಡವೇ ಬೇಡ.

ಇನ್ನು ನಮ್ಮ ಊರಿನ ಹವೆ. ವಿದೇಶದವರು ವಿಡಿಯೋದಲ್ಲಿ ದಿನವಿಡೀ ಹಾಕಿಕೊಂಡು ಓಡಾಡುತ್ತಾರೆ. ಅವರ ಊರಿನ ಚಳಿಗೆ ಅದು ಬೆಚ್ಚಗಿರಬಹುದು. ಏಪ್ರಿಲ್ ತಿಂಗಳಲ್ಲಿ ಕೋಡಿಬಾಗದಲ್ಲಿ ನಿಂತು ಮೂರು ಪದರ ಬಟ್ಟೆ ಬಿಗಿದುಕೊಂಡರೆ ಅರ್ಧ ಗಂಟೆಯಲ್ಲಿ ತಲೆ ಸುತ್ತುತ್ತದೆ. ನನ್ನ ಕೇಳಿದರೆ ಕರಾವಳಿಯಲ್ಲಿ ಇದು ಎರಡು ಮೂರು ಗಂಟೆಯ ಬಟ್ಟೆ, ಅದೂ ಎಸಿ ಹಾಲಿನಲ್ಲಿ ಅಥವಾ ಡಿಸೆಂಬರ್ ಸಂಜೆಯಲ್ಲಿ. ಅದಕ್ಕೇ ಸ್ಟೀಲ್ ಕಡ್ಡಿಯ ಜಾಳಿಗೆ ಬಟ್ಟೆಯ ಕಾರ್ಸೆಟ್ ನಮಗೆ ವಾಸಿ. ಬೇಗ ಸವೆಯುತ್ತದೆ ನಿಜ, ಆದರೆ ಗಾಳಿಯಾಡುತ್ತದೆ, ಬೇಗ ಒಣಗುತ್ತದೆ. ಶಿರಸಿಯವರಿಗೆ ಚಳಿಗಾಲದಲ್ಲಿ ಈ ತೊಂದರೆ ಕಡಿಮೆ, ಮಳೆಗಾಲದಲ್ಲಿ ಬೂಷ್ಟಿನ ತೊಂದರೆ ಜಾಸ್ತಿ.

ಬೆವರು, ಉಪ್ಪುಗಾಳಿ ಎರಡೂ ಸೇರಿದರೆ ಸ್ಟೀಲ್ ಉಳಿಯುತ್ತದಾ? ಕಡ್ಡಿಯ ತುದಿಯಲ್ಲೇ ಮೊದಲು ತುಕ್ಕು ಹಿಡಿಯುತ್ತದೆ, ಬಟ್ಟೆಯ ಮೇಲೆ ಕಂದು ಚುಕ್ಕೆ ಬೀಳುತ್ತದೆ. ಕಾರ್ಸೆಟ್ಟನ್ನು ವಾಶಿಂಗ್ ಮಶೀನಿಗೆ ಹಾಕಬಾರದು, ನೀರಲ್ಲಿ ನೆನೆಸಲೂಬಾರದು. ಬಿಚ್ಚಿದ ಕೂಡಲೇ ಒಳಭಾಗ ಮೇಲೆ ಮಾಡಿ ಫ್ಯಾನ್ ಕೆಳಗೆ ಹರವಿ. ಕಲೆಯಿದ್ದರೆ ಒದ್ದೆ ಬಟ್ಟೆಯಲ್ಲಿ ಅಲ್ಲಲ್ಲಿ ಮಾತ್ರ ಒರೆಸಿ. ಬನಿಯನ್ ಬೆವರು ಹೀರುವುದರಿಂದ ಅದನ್ನು ತೊಳೆದರೆ ಸಾಕು. ನಾಟಕದ ವೇಷಭೂಷಣ ನೋಡಿಕೊಳ್ಳುವವರು ತೊಳೆಯಲಾಗದ ಬಟ್ಟೆಯ ವಾಸನೆಗೆ ನೀರು ಬೆರೆಸಿದ ವೋಡ್ಕಾ ಚಿಮುಕಿಸುತ್ತಾರೆ. ಗೋವಾ ಪಕ್ಕದಲ್ಲೇ ಇದ್ದರೂ ಬಾಟಲಿ ತರಲು ಮನೆಯವರು ಒಪ್ಪಬೇಕಲ್ಲ! ಜೂನ್ ಬರುವ ಮೊದಲು ಚೆನ್ನಾಗಿ ಒಣಗಿಸಿ, ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ. ಶೂ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಎಸೆಯದೆ ಜೊತೆಗೆ ಹಾಕಿ.

ಕ್ರಿಸ್‌ಮಸ್ ಕಳೆದ ಮೇಲಿನ ಮದುವೆಗೆ ಬೇಕೆಂದರೆ ಗಣಪತಿ ಹಬ್ಬದ ಹೊತ್ತಿಗೆ ತರಿಸಿಕೊಳ್ಳಿ. ಅಳತೆ ತಪ್ಪಿದರೆ ವಾಪಸ್ ಕಳಿಸಬೇಕು, ಬೇರೆ ಬರಬೇಕು, ಎರಡು ವಾರ ಒಗ್ಗಿಸಬೇಕು. ಗೌನಿನ ಅಳತೆಯನ್ನೂ ಕಾರ್ಸೆಟ್ ಹಾಕಿಕೊಂಡ ಮೇಲೆಯೇ ತೆಗೆಯಬೇಕು. ಡಿಸೆಂಬರ್ ನಡುವಿನಲ್ಲಿ ಬಂದು ಕೇಳಿದರೆ, ಕಾರ್ಸೆಟ್ ಆಸೆ ಬಿಟ್ಟು ಗೌನಿನೊಳಗೇ ನಾಲ್ಕು ಬೋನ್ ಹಾಕಿಸಿ, ಹಿಂದೆ ದಾರ ಇಡಿಸಿ ಎಂದೇ ಹೇಳುತ್ತೇನೆ.